ನೆತ್ತಿಯ ಮೇಲಿನ ಮಾತು

ಬಸವಕಲ್ಯಾಣ ಮತ್ತು ಹುಮನಾಬಾದಿನ ನಡುವೆ, ಹೆದ್ದಾರಿಯ ಮೇಲೆ ರಾಜೇಶ್ವರ ಎಂಬ ಊರಿದೆ. 1948ರ ಸೆಪ್ಟೆಂಬರ್ 14ರಂದು ಭಾರತದ ಸೇನೆ ಉಮರ್ಗಾದಿಂದ ಈ ಊರಿನತ್ತ ಹೊರಟಾಗ, ದಾರಿಯಲ್ಲಿ ಹೊಂಚುಹಾಕಿ ಕುಳಿತವರ ಮೇಲೆ ಟೆಂಪೆಸ್ಟ್ ವಿಮಾನಗಳು ದಾಳಿ ನಡೆಸಿದವು. ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಸೇನೆಯ ವಶವಾಯಿತು. ಪುಸ್ತಕದಲ್ಲಿ ಇದು ಎರಡು ಸಾಲು. ಅಂದು ಮನೆಯೊಳಗಿದ್ದ ಹೆಂಗಸರಿಗೆ ಅದು ಬರೀ ಸದ್ದು.

ನಮ್ಮ ಅವ್ವ ಆಗ ಎಂಟು ವರ್ಷದವಳು. ಸದ್ದು ಕೇಳಿದೊಡನೆ ಅಜ್ಜಿ ಮಕ್ಕಳನ್ನು ಬರಿದಾದ ಹಗೇವಿನಲ್ಲಿ ಇಳಿಸುತ್ತಿದ್ದಳಂತೆ. ಯಾರ ವಿಮಾನ, ಏಕೆ ಬಂತು ಎಂದು ಹೇಳುವವರಿರಲಿಲ್ಲ. ಅದಕ್ಕೆ ಮೊದಲು ರಜಾಕಾರರ ಹಾವಳಿ, ಆಮೇಲೆ ಮುಸ್ಲಿಮರ ಮೇಲೆ ನಡೆದ ಪ್ರತೀಕಾರ. ಎರಡರಲ್ಲೂ ಅಂಜಿ ಬಾಗಿಲು ಹಾಕಿಕೊಂಡವರು ಹೆಂಗಸರೇ. ಸೆಪ್ಟೆಂಬರ್ 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ರೇಡಿಯೋದಲ್ಲಿ ಮಾತನಾಡಿ ಯುದ್ಧ ನಿಂತಿತೆಂದು ಸಾರಿದರು. ನಮ್ಮ ಓಣಿಯಲ್ಲಿ ರೇಡಿಯೋ ಇರಲಿಲ್ಲ. ಸುದ್ದಿ ಕಟ್ಟೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡಿಗೆಮನೆಗೆ ಬರಲು ಎರಡು ದಿನ ಹಿಡಿಯಿತಂತೆ.

ಮೈಸೂರಿನಲ್ಲಿ 1935ರಷ್ಟು ಹಿಂದೆಯೇ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ನಡೆಸಿದ್ದರು. ನಮ್ಮ ಸೀಮೆಗೆ ಹತ್ತಿರದ ಕನ್ನಡದ ದನಿ ಸಿಕ್ಕಿದ್ದು 1966ರಲ್ಲಿ, ಗುಲಬರ್ಗಾ ಆಕಾಶವಾಣಿಯಿಂದ.

ಈ ಹಿನ್ನೆಲೆಯಲ್ಲಿ ನನ್ನ ತಂಗಿಯ ಮಗಳು ವಿಮಾನದವರ ಮಾತು ಕೇಳುವ ರೇಡಿಯೋ ಕಟ್ಟಿದ್ದು ನನಗೆ ಸಣ್ಣ ಸಂಗತಿಯಲ್ಲ. ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾಳೆ. ಈ ಮಾತು ಸಾರ್ವಜನಿಕ ಪ್ರಸಾರವಲ್ಲ. ಮೇಲಾಗಿ ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ. ಆದ್ದರಿಂದ ಕಾಲೇಜಿನ ಮೂಲಕ ಅನುಮತಿಯ ಕಾಗದಪತ್ರ ಮುಗಿದ ಮೇಲೆಯೇ ಕೆಲಸಕ್ಕೆ ಕೈಹಾಕಿದಳು.

ನಮ್ಮ ಎಫ್‌ಎಂ ಹಾಡುಗಳು 108 ಮೆಗಾಹರ್ಟ್ಸ್‌ಗೆ ಮುಗಿಯುತ್ತವೆ. ವಿಮಾನದ ಮಾತು 118ರಿಂದ 137ರವರೆಗೆ. ಆದರೆ ಇದು ಎಫ್‌ಎಂ ಅಲ್ಲ, ಹಳೆಯ ಮೀಡಿಯಂ ವೇವ್‌ನಂತೆ ಎಎಂ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಜೋರಿನವರದು ಉಳಿದು ಇನ್ನೊಬ್ಬರದು ಅಡಗಿಹೋಗುತ್ತದೆ. ಎಎಂನಲ್ಲಿ ಮೆಲುದನಿಯೂ ಇದೆಯೆಂದಾದರೂ ಗೊತ್ತಾಗುತ್ತದೆ. ಆಕಾಶದಲ್ಲಿ ಅದು ಜೀವದ ಪ್ರಶ್ನೆ.

ತಾಮ್ರದ ತಂತಿಯನ್ನು ಪೆನ್ಸಿಲ್ಲಿಗೆ ಕೆಲವೇ ಸುತ್ತು ಸುತ್ತಿ ಕಾಯಿಲ್ ಮಾಡಿದಳು. ಮಾಳಿಗೆಯ ಮೇಲೆ 60 ಸೆಂಟಿಮೀಟರಿನ ತಂತಿ ನೆಟ್ಟಗೆ ನಿಲ್ಲಿಸಿದಳು. ಅದು ಆ ಅಲೆಯ ಉದ್ದದ ಕಾಲುಭಾಗ. ಶ್ರುತಿ ಮಾಡಲು ಬೆಲೆಬಾಳುವ ಉಪಕರಣ ಇರಲಿಲ್ಲ. ಹಳೆಯ ಮಾದರಿಯ ಎಫ್‌ಎಂ ರೇಡಿಯೋ ತಾನು ಹಿಡಿಯುವ ಸ್ಟೇಷನ್ನಿಗಿಂತ 10.7 ಮೆಗಾಹರ್ಟ್ಸ್ ಮೇಲೆ ತಾನೇ ಒಂದು ಕ್ಷೀಣ ಅಲೆ ಹೊಮ್ಮಿಸುತ್ತದೆ. ಮುಳ್ಳನ್ನು 107.3ಕ್ಕೆ ಇಟ್ಟರೆ ಆ ಅಲೆ ಸರಿಯಾಗಿ 118. ಅದನ್ನು ಪಕ್ಕದಲ್ಲಿಟ್ಟು, ಕಾಯಿಲಿನ ಸುತ್ತುಗಳನ್ನು ಕೂದಲೆಳೆಯಷ್ಟು ಬಿಡಿಸುತ್ತ, ಟ್ರಿಮ್ಮರನ್ನು ಪ್ಲಾಸ್ಟಿಕ್ ಕಡ್ಡಿಯಿಂದ ತಿರುಗಿಸುತ್ತ ಹೋದಳು. ಕಬ್ಬಿಣ ತಾಗಿಸಿದರೆ ಶ್ರುತಿ ಕೆಡುತ್ತದೆ. ಒಂದು ಕಡೆ ಸುಯ್ಯೆನ್ನುವ ಸದ್ದು ಥಟ್ಟನೆ ತಗ್ಗಿತು. ಅದೇ ಗಡಿಗಲ್ಲು.

ಹೈದರಾಬಾದಿನಿಂದ ಮುಂಬಯಿಗೆ ನೇರ ಗೆರೆ ಎಳೆದರೆ ಅದು ನಮ್ಮೂರಿನ ಬಳಿಯೇ ಹಾಯುತ್ತದೆ. ಭೂಮಿ ಗುಂಡಗಿರುವುದರಿಂದ ದೂರದ ನಿಲ್ದಾಣದವರ ಪ್ರಶ್ನೆ ನಮಗೆ ಕೇಳದು. ಎತ್ತರದಲ್ಲಿರುವ ವಿಮಾನದ ಉತ್ತರ ಕೇಳುತ್ತದೆ. ಹೇಳಿದ್ದನ್ನು ತಿರುಗಿ ಒಪ್ಪಿಸಬೇಕೆಂಬುದು ಅವರ ನಿಯಮ, ನಮ್ಮ ತರಗತಿಯ ಮಕ್ಕಳಂತೆ. ಎತ್ತರ, ದಿಕ್ಕು, ಅಂಕಿ, ಅಷ್ಟೇ.

ಒಂದು ಸಂಜೆ ಹೆಣ್ಣುದನಿ ಬಂತು. ಈಗಲೂ ವಿಮಾನದ ಸದ್ದಿಗೆ ಮುದುಡುವ ಅವ್ವ ಕಿವಿಗೊಟ್ಟು ಕೇಳಿ, "ಹೆಣ್ಮಗಳು ಹೊಡಿಲಿಕತ್ತಾಳೇನು? ಬರೀ ಲೆಕ್ಕ ಹೇಳ್ತಾಳಲ್ಲ!" ಎಂದಳು. ಎಪ್ಪತ್ತೈದು ವರ್ಷ ದಾಟಿದ ಮೇಲೆ ಅವಳಿಗೆ ಆ ಸದ್ದಿನ ಒಳಗಿನ ಮಾತು ಕೇಳಿಸಿತು.

ಸೆಪ್ಟೆಂಬರ್ 17ರಂದು ನಾವು ಶಾಲೆಗಳಲ್ಲಿ ಧ್ವಜ ಹಾರಿಸುತ್ತೇವೆ, ಮುಖಂಡರ ಹೆಸರು ಹೇಳುತ್ತೇವೆ. ಅಂದು ಬಾಲಕಿಯರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಅವರು ಏನು ಕೇಳಿದರು, ಏನು ಕೇಳಲಾಗಲಿಲ್ಲ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ನಿಮ್ಮ ಮನೆಯಲ್ಲೂ ಅಂಥ ಹಿರಿಯಳಿದ್ದರೆ ಈ ವಾರವೇ ಪಕ್ಕದಲ್ಲಿ ಕುಳಿತು ಕೇಳಿ, ಬರೆದುಕೊಳ್ಳಿ. ಅದಕ್ಕೆ ರೇಡಿಯೋ ಬೇಡ.