ಗಣಕದ ತೂಬು ಯಾರ ಕೈಯಲ್ಲಿ?

ಚಿತ್ರದುರ್ಗದ್ದು ಮಳೆಗಾಗಿ ಮುಗಿಲು ನೋಡುವ ಸೀಮೆ. ಹೊಳಲ್ಕೆರೆಯಲ್ಲಿ ಊರಿನ ಹೆಸರಿಗೇ ಕೆರೆ ಅಂಟಿಕೊಂಡಿದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟತೊಡಗಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ನಾಡಿನಲ್ಲಿ ಕೆರೆಯಷ್ಟೇ ಮುಖ್ಯವಾದದ್ದು ತೂಬು. ಯಾವ ಹೊತ್ತಿಗೆ, ಯಾರ ಗದ್ದೆಗೆ, ಎಷ್ಟು ನೀರು ಎಂಬುದನ್ನು ಊರು ತೀರ್ಮಾನಿಸುತ್ತಿತ್ತು. ನೀರಗಂಟಿ ಅದರಂತೆ ತೂಬು ಎತ್ತುತ್ತಿದ್ದ, ಇಳಿಸುತ್ತಿದ್ದ. ಹೊರಗಿನವನೊಬ್ಬ ರಾತ್ರೋರಾತ್ರಿ ಬಂದು ತೂಬು ಎತ್ತಿದರೆ ಅದು ಪಂಚಾಯಿತಿ ಕಟ್ಟೆ ಹತ್ತುವ ತಂಟೆ.

ಈ ಹಳೆಯ ಮಾತು ಈಗೇಕೆ ಎಂದು ಓದುಗರು ಕೇಳಬಹುದು. ಮನೆಮನೆಗೆ ಬಂದಿರುವ ಗಣಕಯಂತ್ರದಲ್ಲಿಯೂ ಇಂಥ ತೂಬುಗಳಿವೆ. ಅವುಗಳಲ್ಲಿ ಕೆಲವು, ನಾವು ಯಂತ್ರವನ್ನು ಕೊಂಡು ತರುವಾಗಲೇ ತೆರೆದಿರುತ್ತವೆ. ಹೊಸದುರ್ಗದ ವಿದ್ಯಾರ್ಥಿಯೊಬ್ಬಳು ಅರ್ಜಿ ತುಂಬಲೆಂದು ಕಂಪ್ಯೂಟರ್ ತೆರೆಯುತ್ತಾಳೆ ಎನ್ನಿ. ‘ಸ್ಟಾರ್ಟ್’ ಪಟ್ಟಿಯಲ್ಲಿ ಅವಳು ಎಂದೂ ಹಾಕಿಕೊಳ್ಳದ ಆ್ಯಪ್ ಒಂದು ಕುಳಿತಿರುತ್ತದೆ. ಮೂಲೆಯಲ್ಲಿ ‘ಇದನ್ನು ಬಳಸಿ ನೋಡಿ’ ಎಂಬ ಚೀಟಿ ಮೂಡುತ್ತದೆ. ಕೇಳದೆ ಬಂದ ಈ ಸಲಹೆಗಳಿಗೂ ಒಂದು ಇತಿಹಾಸವಿದೆ.

ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 95 ಬಿಡುಗಡೆಯಾದದ್ದು 1995ರ ಆಗಸ್ಟ್ 24ರಂದು. ‘ಸ್ಟಾರ್ಟ್’ ಗುಂಡಿ ಹುಟ್ಟಿದ್ದು ಆಗಲೇ. ಆಗ ಆ ಪಟ್ಟಿಯಲ್ಲಿ ಯಂತ್ರದೊಳಗೆ ಇದ್ದುದು ಮಾತ್ರ ಕಾಣುತ್ತಿತ್ತು. ಅದರ ಹಿಂದೆಯೇ ಬಂದ ಆಫೀಸ್ 97ರಲ್ಲಿ ಕಾಗದಕ್ಕೆ ಹಾಕುವ ಕ್ಲಿಪ್ಪಿಗೆ ಕಣ್ಣು ಹುಬ್ಬು ಬರೆದ ಒಂದು ಬೊಂಬೆ ಕಾಣಿಸಿಕೊಂಡಿತು. ‘ಕ್ಲಿಪ್ಪಿ’ ಎಂದೇ ಹೆಸರಾದ ಅದು, ನೀವು ಪತ್ರ ಬರೆಯತೊಡಗಿದರೆ ಸಾಕು, ‘ಸಹಾಯ ಬೇಕೇ?’ ಎಂದು ಇಣುಕುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ಅದಕ್ಕೆ ಬೈಯದವರಿಲ್ಲ. 2001ರ ಆಫೀಸ್ ಎಕ್ಸ್‌ಪಿಯಲ್ಲಿ ಕಂಪನಿಯೇ ಅದನ್ನು ಸುಮ್ಮನಿರಿಸಿತು. ಬೇಕೆಂದವರು ಕರೆದರಷ್ಟೇ ಬರುತ್ತಿತ್ತು. ಆಫೀಸ್ 2007ರ ಹೊತ್ತಿಗೆ ವಿಂಡೋಸ್‌ನಲ್ಲಿ ಅದು ಇಲ್ಲವೇ ಆಯಿತು. ಕೇಳಿದಾಗ ಬರುವ ನೆರವು ಬೇರೆ, ಕೇಳದೆ ಮೈಮೇಲೆ ಬೀಳುವ ನೆರವು ಬೇರೆ ಎಂಬುದನ್ನು ಜಗತ್ತು ಆ ಬೊಂಬೆಯಿಂದ ಕಲಿಯಿತು.

ಆದರೆ ಕ್ಲಿಪ್ಪಿ ಏನನ್ನೂ ಮಾರುತ್ತಿರಲಿಲ್ಲ. ಮಾರಾಟ ಬಂದದ್ದು ಇನ್ನೊಂದು ಬಾಗಿಲಿನಿಂದ. 1997ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ನಾಲ್ಕನೆಯ ಆವೃತ್ತಿ ಪರದೆಯ ಅಂಚಿನಲ್ಲಿ ‘ಚಾನೆಲ್’ಗಳ ಸಾಲೊಂದನ್ನು ನಿಲ್ಲಿಸಿತು. ಡಿಸ್ನಿಯಂಥ ಕಂಪನಿಗಳಿಗೆ ಅಲ್ಲಿ ಜಾಗ ಸಿಕ್ಕಿತು. ಕಣ್ಣಿಗೆ ಮೊದಲು ಬೀಳುವ ಜಾಗಕ್ಕೆ ಎಷ್ಟು ಬೆಲೆ ಎಂಬುದು ಪೇಟೆಬೀದಿಯ ಅಂಗಡಿಯವರಿಗೆ ಹೊಸ ಪಾಠವಲ್ಲ. 1998ರ ಮೇ 18ರಂದು ಅಮೆರಿಕದ ನ್ಯಾಯ ಇಲಾಖೆ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. ವಿಂಡೋಸ್ ಜತೆ ಬ್ರೌಸರನ್ನು ಕಟ್ಟಿಕೊಡುವುದು, ಮೊದಲ ಪರದೆಯಲ್ಲಿ ಏನಿರಬೇಕೆಂದು ಯಂತ್ರ ತಯಾರಕರನ್ನು ಕಟ್ಟಿಹಾಕುವುದು ಆ ಮೊಕದ್ದಮೆಯ ಮುಖ್ಯ ಪ್ರಶ್ನೆಗಳಾಗಿದ್ದವು. 2001ರಲ್ಲಿ ರಾಜಿಯಾಯಿತು. ವಿಂಡೋಸ್ ಜತೆಗೇ ಮೀಡಿಯಾ ಪ್ಲೇಯರನ್ನು ಸೇರಿಸಿ ಕೊಟ್ಟದ್ದೂ ಸೇರಿದಂತೆ ಕೆಲವು ತಪ್ಪುಗಳಿಗಾಗಿ ಯೂರೋಪಿನ ಆಯೋಗ 2004ರಲ್ಲಿ 49.7 ಕೋಟಿ ಯೂರೋ ದಂಡ ಹಾಕಿತು. ಹೆಚ್ಚಿನವರು ಯಂತ್ರ ಹೇಗೆ ಬಂತೋ ಹಾಗೆಯೇ ಬಳಸುತ್ತಾರೆ, ಅದನ್ನು ಬದಲಿಸುವ ಗೋಜಿಗೆ ಹೋಗುವುದಿಲ್ಲ. ಈ ಜಗಳಗಳೆಲ್ಲದರ ತಳದಲ್ಲಿದ್ದ ಸತ್ಯ ಇಷ್ಟೇ.

2015ರ ಜುಲೈ 29ರಂದು ವಿಂಡೋಸ್ 10 ಬಂದಾಗ ಲೆಕ್ಕಾಚಾರವೇ ಬದಲಾಯಿತು. ವಿಂಡೋಸ್ 7 ಮತ್ತು 8.1 ಇದ್ದವರಿಗೆ ಒಂದು ವರ್ಷ ಅದನ್ನು ಪುಕ್ಕಟೆಯಾಗಿ ಕೊಡಲಾಯಿತು. ಆ್ಯಪ್‌ಗಳ ಅಂಗಡಿಯೂ ಅದರೊಳಗೇ ಇತ್ತು. ‘ಕ್ಯಾಂಡಿ ಕ್ರಷ್’ ಎಂಬ ಆಟ ‘ಸ್ಟಾರ್ಟ್’ ಪಟ್ಟಿಯಲ್ಲಿ ತಾನಾಗಿ ಬಂದು ಕುಳಿತಿತು. ಹಳೆಯ ವಿಂಡೋಸ್ ಇದ್ದವರಿಗೆ ‘ಹೊಸದಕ್ಕೆ ಬನ್ನಿ’ ಎಂಬ ಕರೆ ಪದೇಪದೇ ಬರುತ್ತಿತ್ತು. 2016ರಲ್ಲಂತೂ ಆ ಚೀಟಿಯ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿದರೆ ‘ಬೇಡ’ ಎಂದು ಅರ್ಥವಾಗುವ ಬದಲು, ಗೊತ್ತುಮಾಡಿದ ದಿನಕ್ಕೆ ‘ಆಗಲಿ’ ಎಂದಂತೆ ಆಗುತ್ತಿತ್ತು. ಬೇಡದ ಈ ಬದಲಾವಣೆಯಿಂದ ತನ್ನ ಯಂತ್ರ ಕೆಟ್ಟು ವ್ಯಾಪಾರ ನಿಂತಿತೆಂದು ಕ್ಯಾಲಿಫೋರ್ನಿಯಾದ ಪ್ರವಾಸ ಸಂಸ್ಥೆಯೊಂದರ ಒಡತಿ ನ್ಯಾಯಾಲಯಕ್ಕೆ ಹೋಗಿ ಹತ್ತು ಸಾವಿರ ಡಾಲರ್ ಪರಿಹಾರ ಪಡೆದಳು. ಆ ಚೀಟಿಯ ವಿಷಯದಲ್ಲಿ ತಾವು ಎಲ್ಲೆ ಮೀರಿದ್ದು ನಿಜ ಎಂದು ಕಂಪನಿಯ ಪ್ರಚಾರ ವಿಭಾಗದ ಮುಖ್ಯಸ್ಥರೇ ಆ ವರ್ಷದ ಕೊನೆಯಲ್ಲಿ ಒಪ್ಪಿಕೊಂಡರು. ಆದರೂ ಸಲಹೆಗಳು ನಿಲ್ಲಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಂಡೋಸ್ 11ರ ‘ಸ್ಟಾರ್ಟ್’ ಪಟ್ಟಿಗೂ ಅಂಗಡಿಯ ಆ್ಯಪ್‌ಗಳ ಶಿಫಾರಸು ಬಂತು.

ನಮ್ಮ ಜಿಲ್ಲೆಯ ಬಹಳಷ್ಟು ರೈತರು ಗಣಕವನ್ನು ಹತ್ತಿರದಿಂದ ಕಂಡದ್ದು ತಾಲ್ಲೂಕು ಕಚೇರಿಯಲ್ಲಿ, ಪಹಣಿ ತೆಗೆಸುವಾಗ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಸೇರಿಸಲಾಯಿತು. ಅಲ್ಲಿಯವರೆಗೆ ಪಹಣಿ ಪುಸ್ತಕ ಗ್ರಾಮಲೆಕ್ಕಿಗರ ಕೈಯಲ್ಲಿತ್ತು. ಹೊಸ ವ್ಯವಸ್ಥೆಯಲ್ಲಿ ಕಿಟಕಿಗೆ ಬಂದು 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಆ ಕಿಟಕಿಯಲ್ಲಿ ಒಂದು ಗಮನಾರ್ಹ ಏರ್ಪಾಡಿತ್ತು. ಸಿಬ್ಬಂದಿಯ ಪರದೆಯಲ್ಲದೆ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟಿದ್ದರು. ತನ್ನ ಹೊಲದ ವಿಷಯದಲ್ಲಿ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಅವನು ಕಣ್ಣಾರೆ ನೋಡಬಹುದಿತ್ತು.

ಈಗ ಮನೆಯ ಪರದೆ ನಮ್ಮ ಕಡೆಗೇ ಮುಖ ಮಾಡಿದೆ. ಆದರೆ ಅದು ಯಾರ ಪರವಾಗಿ ಮಾತನಾಡುತ್ತಿದೆ ಎಂಬುದು ಸದಾ ತಿಳಿಯುವುದಿಲ್ಲ. ಪಟ್ಟಿಯಲ್ಲಿ ಕಂಡದ್ದೆಲ್ಲ ತನ್ನದೇ ಎಂದು ನಂಬಿ ಒತ್ತುವವರು ಹಿರಿಯರು ಮತ್ತು ಮಕ್ಕಳು. ಮೊಬೈಲಿನಿಂದ ಡೇಟಾ ಹಂಚಿಕೊಂಡು ಕಂಪ್ಯೂಟರ್ ನಡೆಸುವ ಮನೆಯಲ್ಲಿ ಬೇಡದ ಆ್ಯಪ್ ಒಂದು ಇಳಿದರೂ ಅದು ದಿನದ ಡೇಟಾಕ್ಕೆ ಕೊರತೆ. ಅರ್ಜಿಯ ಕೊನೆಯ ದಿನ ಹಾಗಾದರೆ ನಷ್ಟ ಡೇಟಾಕ್ಕಷ್ಟೇ ಅಲ್ಲ.

ಈ ತೂಬುಗಳನ್ನು ಇಳಿಸುವುದು ಕಷ್ಟದ ಕೆಲಸವಲ್ಲ. ವಿಂಡೋಸ್ 11ರಲ್ಲಿ ‘ಸೆಟಿಂಗ್ಸ್’ ತೆರೆದು ‘ಪರ್ಸನಲೈಸೇಷನ್’, ಅದರೊಳಗೆ ‘ಸ್ಟಾರ್ಟ್’ಗೆ ಹೋಗಬೇಕು. ಅಲ್ಲಿ ‘ಟಿಪ್ಸ್’, ‘ನ್ಯೂ ಆ್ಯಪ್ಸ್’ ಮುಂತಾದವುಗಳ ‘ರೆಕಮೆಂಡೇಷನ್ಸ್’ ತೋರಿಸುವ ಗುಂಡಿಯನ್ನು ಆರಿಸಬೇಕು. ಎರಡನೆಯದು ‘ಸಿಸ್ಟಮ್’ನೊಳಗಿನ ‘ನೋಟಿಫಿಕೇಷನ್ಸ್’. ಆ ಪುಟದ ಕೊನೆಯಲ್ಲಿ ‘ಅಡಿಷನಲ್ ಸೆಟಿಂಗ್ಸ್’ ಎಂಬಲ್ಲಿ ಮೂರು ಗುರುತುಗಳಿವೆ. ಅವನ್ನು ತೆಗೆದರೆ ಸ್ವಾಗತದ ಪುಟಗಳೂ ಸಲಹೆಯ ಚೀಟಿಗಳೂ ಕಡಿಮೆಯಾಗುತ್ತವೆ. ಮೂರನೆಯದು ‘ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ’. ಅಲ್ಲಿ ‘ಜನರಲ್’ ಎಂದೋ, ಹೊಸ ಆವೃತ್ತಿಯಾದರೆ ‘ರೆಕಮೆಂಡೇಷನ್ಸ್ ಆ್ಯಂಡ್ ಆಫರ್ಸ್’ ಎಂದೋ ಇರುವಲ್ಲಿ ‘ಅಡ್ವರ್ಟೈಸಿಂಗ್ ಐಡಿ’ಯನ್ನೂ ಸೂಚಿತ ವಿಷಯಗಳನ್ನೂ ನಿಲ್ಲಿಸಬಹುದು. ವಿಂಡೋಸ್ 10ರಲ್ಲಿಯೂ ‘ಪರ್ಸನಲೈಸೇಷನ್’ನ ‘ಸ್ಟಾರ್ಟ್’ ಪುಟದಲ್ಲೇ ‘ಸಜೆಷನ್ಸ್’ ಗುಂಡಿಯಿದೆ. ಆದರೆ ಅದಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ನೆನಪಿರಲಿ. ಈಗಾಗಲೇ ಬಂದು ಕುಳಿತ ಆ್ಯಪ್ ಬೇಡವಾದರೆ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಅನ್‌ಇನ್‌ಸ್ಟಾಲ್’ ಎನ್ನಬೇಕು. ದೊಡ್ಡ ಅಪ್‌ಡೇಟ್ ಬಂದ ಮೇಲೆ ಈ ಗುಂಡಿಗಳನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಜಾಣತನ. ಬಳಸುವವರ ಕಣ್ಣಿಗೆ ಈ ಹೆಸರುಗಳು ತೊಡಕೆನಿಸಿದರೆ ವಿಂಡೋಸ್‌ಗೆ ಕನ್ನಡ ಭಾಷಾ ಪ್ಯಾಕ್ ಇದೆ. ಅದನ್ನು ಹಾಕಿಕೊಂಡರೆ ಪಟ್ಟಿಗಳು ಬಹುಮಟ್ಟಿಗೆ ಕನ್ನಡದಲ್ಲಿ ಕಾಣುತ್ತವೆ.

ಇದೆಲ್ಲವನ್ನೂ ಬಳಸುವವನ ಹೆಗಲಿಗೇ ಹೊರಿಸುವುದು ನ್ಯಾಯವೇ ಎಂಬ ಪ್ರಶ್ನೆ ಉಳಿಯುತ್ತದೆ. ಕಾನೂನು ಈ ಕಡೆ ಈಗೀಗ ತಿರುಗುತ್ತಿದೆ. ಗ್ರಾಹಕರನ್ನು ದಾರಿ ತಪ್ಪಿಸುವ ಗಣಕದ ತಂತ್ರಗಳನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿತು. ಅದು ಹೆಸರಿಸಿದ 13 ತಂತ್ರಗಳಲ್ಲಿ, ಬೇಡವೆಂದರೂ ಬಿಡದೆ ಪೀಡಿಸುವುದೂ ಒಂದು. ಪ್ರತಿಯೊಂದು ಸಲಹೆಯೂ ಪೀಡೆಯಾಗದು ನಿಜ. ಆದರೆ ‘ಬೇಡ’ ಎಂಬ ಮಾತಿಗೆ ಬೆಲೆ ಇರಬೇಕು ಎಂಬುದನ್ನು ಸರ್ಕಾರ ಬರಹದಲ್ಲಿ ಒಪ್ಪಿದಂತಾಯಿತು. ದೂರು ಹೇಳಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ತಲೆಯ ಮೇಲೆ ಸಾಮಾನು ಹೊತ್ತು ಬೀದಿಯಲ್ಲಿ ಕೂಗುತ್ತ ಹೋಗುವ ವ್ಯಾಪಾರಿಯ ಮೇಲೆ ನಮಗೆ ಸಿಟ್ಟಿಲ್ಲ. ಅವನು ಹೊಸ್ತಿಲ ಆಚೆ ನಿಂತು ಕೂಗುತ್ತಾನೆ. ಬೇಡವೆಂದರೆ ಮುಂದಿನ ಮನೆಗೆ ನಡೆಯುತ್ತಾನೆ. ಅವನೇ ನಡುಮನೆಗೆ ಬಂದು ಚಾಪೆ ಹಾಸಿದರೆ ಸುಮ್ಮನಿರುತ್ತೇವೆಯೇ? ಹಣ ಕೊಟ್ಟು ತಂದ ಗಣಕ ನಮ್ಮ ನಡುಮನೆ. ಬಿಡುವಿದ್ದಾಗ ಹತ್ತು ನಿಮಿಷ ಕುಳಿತು ಅದರ ತೂಬುಗಳನ್ನು ಒಮ್ಮೆ ನೋಡಿಕೊಳ್ಳೋಣ. ಪಕ್ಕದ ಮನೆಯ ಅಜ್ಜನ ಕಂಪ್ಯೂಟರನ್ನೂ ನೋಡಿಕೊಟ್ಟರೆ ಇನ್ನೂ ಒಳ್ಳೆಯದು. ಕೆರೆ ಊರಿನದಾದರೆ ನೀರಗಂಟಿಯೂ ಊರಿನವನೇ ಆಗಿರಬೇಕಲ್ಲವೇ?