ದಿ ಬೀಟಾ ಬ್ಯಾಂಡ್: ಹೆಸರು ಬಂತು, ಸಾಲ ಉಳೀತು

ಜಾನಪದ ಧಾಟಿಯ ಗಿಟಾರ್, ಬ್ಲೂಸ್ ಛಾಯೆ, ಎಲೆಕ್ಟ್ರಾನಿಕ್ ತಾಳ ಮೂರನ್ನೂ ಒಂದೇ ಹಾಡಿನಲ್ಲಿ ಬೆರೆಸಿದ ಸ್ಕಾಟ್ಲೆಂಡಿನ ಪ್ರಯೋಗಶೀಲ ರಾಕ್ ತಂಡವಿದು. ಹುಟ್ಟಿದ್ದು 1996ರಲ್ಲಿ. ಗಾಯಕ ಸ್ಟೀವ್ ಮೇಸನ್, ಡ್ರಮ್ಸ್‌ಗೆ ರಾಬಿನ್ ಜೋನ್ಸ್, ಸ್ಯಾಂಪ್ಲರ್‌ಗೆ ಜಾನ್ ಮೆಕ್ಲೀನ್. ಬೇಸ್‌ಗೆ ರಿಚರ್ಡ್ ಗ್ರೀನ್‌ಟ್ರೀ ಬಂದು ಸೇರಿದರು. ಸ್ಥಾಪಕರಲ್ಲೊಬ್ಬರಾದ ಗಾರ್ಡನ್ ಆಂಡರ್ಸನ್ ಅನಾರೋಗ್ಯದಿಂದಾಗಿ ಬೇಗನೆ ತಂಡ ಬಿಡಬೇಕಾಯ್ತು.

1998ರ 'ದಿ ತ್ರೀ ಇ.ಪಿ.ಸ್' ಸಂಕಲನಕ್ಕೆ ವಿಮರ್ಶಕರು ತಲೆದೂಗಿದರು. ಅದರ 'ಡ್ರೈ ದಿ ರೇನ್' ಹಾಡು 2000ರ 'ಹೈ ಫಿಡೆಲಿಟಿ' ಸಿನಿಮಾದಿಂದ ಇನ್ನಷ್ಟು ಜನರ ಕಿವಿಗೆ ಬಿತ್ತು. ಆದರೆ ಬರೀ ಹೊಗಳಿಕೆಯಿಂದ ಹೊಟ್ಟೆ ತುಂಬುತ್ತಾ? ರೆಕಾರ್ಡ್ ಕಂಪನಿ ಕೊಡೋ ಮುಂಗಡ ಮಾರಾಟದಿಂದಲೇ ತೀರಬೇಕು. ಮಾರಾಟ ಕಮ್ಮಿಯಾದರೆ ಬಾಕಿ ಬೆಳೀತಾ ಹೋಗುತ್ತೆ. ಇವರಿಗೂ ಆದದ್ದು ಅದೇ. ಮೂರು ಆಲ್ಬಮ್ ತಂದು, 2004ರಲ್ಲಿ ಬೇರೆಯಾದರು. ಮೆಕ್ಲೀನ್ ಸಿನಿಮಾ ನಿರ್ದೇಶಕರಾದರು. 2025ರಲ್ಲಿ ನಾಲ್ವರೂ ಮತ್ತೆ ಒಂದೇ ವೇದಿಕೆಗೆ ಬಂದರು.