ನಮ್ಮೂರ ಅರಳಿಕಟ್ಟೆ

ವಟಪೂರ್ಣಿಮೆ ಬಂತೆಂದರೆ ಇಲ್ಲಿ ಮುಂಬಯಿಯ ಮಾರ್ಕೆಟ್ಟಿನಲ್ಲಿ ಆಲದ ಕೊಂಬೆಗಳು ಮಾರಾಟಕ್ಕೆ ಬರುತ್ತವೆ. ಮರ ಹುಡುಕಿಕೊಂಡು ಹೋಗಲಾಗದವರು ಕೊಂಬೆ ಕೊಂಡು ಮನೆಯಲ್ಲೇ ದಾರ ಸುತ್ತುತ್ತಾರೆ. ಆಗೆಲ್ಲ ನನಗೆ ಮಂಡ್ಯ ಕಡೆಯ ನಮ್ಮೂರ ಅರಳಿಕಟ್ಟೆ ನೆನಪಾಗುತ್ತದೆ.

ಹಳೇ ಮೈಸೂರಿನವರಿಗೆ ಗೊತ್ತಲ್ಲ, ಅರಳಿ ಬೇವು ಜೊತೆಯಲ್ಲಿ ನೆಟ್ಟು, ಬೆಳೆದ ಮೇಲೆ ಅವಕ್ಕೆ ಮದುವೆ! ಅರಳಿ ಗಂಡು, ಬೇವು ಹೆಣ್ಣು. ಬುಡದಲ್ಲಿ ನಾಗರಕಲ್ಲು. ಬೆಂಗಳೂರಿನ ಸುತ್ತ ಅರಳಿ ಮರದಡಿ ಇದ್ದ ಇಂಥ ಕಲ್ಲುಗಳ ಬಗ್ಗೆ 1875ರಲ್ಲೇ ಕ್ಯಾಪ್ಟನ್ ಮೆಕೆಂಜಿ ಎಂಬುವರು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬರೆದಿದ್ದಾರೆ. ಸೋಮವಾರ ಅಮಾವಾಸ್ಯೆ ಬಿದ್ದರೆ ಅಮ್ಮ 108 ಸುತ್ತು ಬರುತ್ತಿದ್ದರು.

ಮದುವೆಯಾದ ಮರಕ್ಕೆ ಕೊಡಲಿ ಹಾಕುವವರಿಲ್ಲ, ಅದರಡಿ ಸುಳ್ಳಾಡಲೂ ಹೆದರಿಕೆ. ಹಾಗಾಗಿ ನ್ಯಾಯ ಪಂಚಾಯ್ತಿ ಎಲ್ಲ ಅಲ್ಲೇ. ಅಪ್ಪ ಎತ್ತು ಕೊಳ್ಳಲು ಮಾಡಿದ ಸಾಲಕ್ಕೆ ಕಟ್ಟೆ ಮುಟ್ಟಿ ಆಡಿದ ಮಾತೇ ಜಾಮೀನು. (ಬ್ಯಾಂಕಿನಲ್ಲಿ ನಾನು ಹಾಕಿಸಿಕೊಂಡ ಸಹಿಗಳೆಲ್ಲ ಅಷ್ಟು ಗಟ್ಟಿ ಇರಲಿಲ್ಲ ಬಿಡಿ.)

ಆದರೆ ಇನ್ನೊಂದು ನೆನಪೂ ಇದೆ. ಒಮ್ಮೆ ಕೂಲಿ ಬಾಕಿಯ ಜಗಳ. ದುಡ್ಡು ಬರಬೇಕಾಗಿದ್ದದ್ದು ಕೇರಿಯ ಮುದುಕರೊಬ್ಬರಿಗೆ. ಅವರು ಕಟ್ಟೆಯಿಂದ ದೂರ, ಬಿಸಿಲಲ್ಲಿ, ಟವೆಲ್ಲು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ನೆರಳಲ್ಲಿ ಬೇಕಾದಷ್ಟು ಜಾಗವಿತ್ತು. ಏಳೆಂಟು ವರ್ಷದ ನಾನು ಕಟ್ಟೆ ಮೇಲೆ ಕಾಲಾಡಿಸುತ್ತ ಕೂತಿದ್ದೆ. “ಆ ತಾತ ಯಾಕಪ್ಪ ಅಲ್ಲಿ ನಿಂತವ್ರೆ?” ಅಂದೆ.

“ಸುಮ್ನೆ ಕೂತ್ಕೊ” ಅಂದರು ಅಪ್ಪ.